ಕ್ರಿಮಿನಲ್ ಜಸ್ಟಿಸ್ ಓದು: ಕಮ್ಯುನಿಟಿ ಕಾಲೇಜಿನಿಂದ ಶುರುಮಾಡುವುದು ಹೇಗೆ?

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ (ಎರಡು ವರ್ಷದ ಸರ್ಕಾರಿ ಕಾಲೇಜು) ಅಪರಾಧ, ಪೊಲೀಸ್, ನ್ಯಾಯಾಲಯಗಳ ಕುರಿತ ಈ ಓದಿಗೆ ಸೇರುವುದು ಸುಲಭ. ಯಾವ ಡಿಗ್ರಿಗೆ ಸೇರುತ್ತಿದ್ದೀರಿ ಎಂದು ನೋಡದೆ ಹೆಸರು ಬರೆಸಿದರೆ ಮಾತ್ರ ಒಂದು ವರ್ಷ ಕೈಬಿಟ್ಟುಹೋಗುತ್ತದೆ.

ಕಾಲೇಜಿನ ಕೋರ್ಸ್ ಪಟ್ಟಿಯಲ್ಲಿ ‘ಅಡ್ಮಿನಿಸ್ಟ್ರೇಷನ್ ಆಫ್ ಜಸ್ಟಿಸ್’ ಎಂದು ಹುಡುಕಿ, ಈ ವಿಷಯಕ್ಕೆ ಅಲ್ಲಿರುವ ಹೆಸರು ಅದು. ಅನೇಕ ಕಡೆ ಎರಡು ಡಿಗ್ರಿ ಕಾಣುತ್ತವೆ: ಎ.ಎಸ್. (ಅಸೋಸಿಯೇಟ್ ಇನ್ ಸೈನ್ಸ್, ಎರಡು ವರ್ಷದ ಡಿಗ್ರಿ) ಮತ್ತು ಎ.ಎಸ್.-ಟಿ. (ಅದೇ, ವರ್ಗಾವಣೆಗೆಂದು ರೂಪಿಸಿದ್ದು). ಮುಂದೆ ನಾಲ್ಕು ವರ್ಷದ ಬ್ಯಾಚುಲರ್ಸ್ ಪದವಿ ಮಾಡುವ ಯೋಚನೆಯಿದ್ದರೆ ‘ಟಿ’ ಇರುವುದನ್ನೇ ಹಿಡಿಯಿರಿ. 2010ರ ಕಾನೂನಿನಿಂದ ಬಂದ ಈ ಡಿಗ್ರಿ ಮುಗಿಸಿದವರಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ವ್ಯವಸ್ಥೆಯಲ್ಲಿ ಸೀಟು ಖಾತ್ರಿ. ಅಲ್ಲಿ ಉಳಿದ 60 ಕ್ರೆಡಿಟ್, ಅಂದರೆ ಯೂನಿಟ್‌ಗಳಲ್ಲಿ ಪದವಿ ಮುಗಿಯುತ್ತದೆ. ಆದರೆ ಖಾತ್ರಿ ವ್ಯವಸ್ಥೆಗೇ ಹೊರತು ನೀವು ಬಯಸಿದ ಕ್ಯಾಂಪಸ್‌ಗಲ್ಲ. ಸ್ಯಾನ್ ಹೊಸೆ ಸ್ಟೇಟ್ ಒಂದನ್ನೇ ನಂಬಿ ಕೂತರೆ, ಕನಿಷ್ಠ ಜಿಪಿಎ (ಸರಾಸರಿ ಗ್ರೇಡ್ ಅಂಕ) 2.0 ಇದ್ದೂ ಕೈ ಖಾಲಿ ಉಳಿಯಬಹುದು.

ಎ.ಎಸ್.-ಟಿ.ಗೆ ಬೇಕಾದದ್ದು 60 ಸೆಮಿಸ್ಟರ್ ಯೂನಿಟ್. ಅದರಲ್ಲಿ ಮುಖ್ಯ ವಿಷಯಕ್ಕೆ ಸುಮಾರು 18 ಮಾತ್ರ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಇಂಗ್ಲಿಷ್, ಗಣಿತ, ವಿಜ್ಞಾನದಂಥ ಸಾಮಾನ್ಯ ಶಿಕ್ಷಣಕ್ಕೆ. ಮೊದಲ ಸೆಮಿಸ್ಟರ್‌ನಲ್ಲಿ ಪರಿಚಯದ ಕೋರ್ಸ್ ಜೊತೆ ಇಂಗ್ಲಿಷ್, ಎರಡನೆಯದರಲ್ಲಿ ಕ್ರಿಮಿನಲ್ ಲಾ ಜೊತೆ ಸಂಖ್ಯಾಶಾಸ್ತ್ರ ಇಟ್ಟುಕೊಳ್ಳಿ. ಸಾಕ್ಷ್ಯ ಕಾನೂನು, ತನಿಖೆ, ಬಾಲಾಪರಾಧಿ ನ್ಯಾಯ ಆಮೇಲೆ. ಸ್ವಾರಸ್ಯದ ಕೋರ್ಸ್‌ಗಳನ್ನೆಲ್ಲ ಮೊದಲು ಮುಗಿಸಿ ಗಣಿತವನ್ನು ಕೊನೆಗೆ ತಳ್ಳಿದವರು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಪಟ್ಟಿ ಹಿಡಿದು ಕೌನ್ಸೆಲರ್ ಬಳಿ ಕೂತು ‘ಎಜುಕೇಶನ್ ಪ್ಲ್ಯಾನ್’ ಬರೆಸಿಕೊಳ್ಳಿ.

ಶುಲ್ಕ ರಾಜ್ಯದ ನಿವಾಸಿಗಳಿಗೆ ಯೂನಿಟ್‌ಗೆ 46 ಡಾಲರ್, ಒಟ್ಟು 2,760. ಕುಪರ್ಟಿನೊದ ಡಿ ಆಂಜಾ ಕಾಲೇಜಿನಲ್ಲಿ ಸೆಮಿಸ್ಟರ್ ಬದಲು ಅದಕ್ಕಿಂತ ಚಿಕ್ಕ ಅವಧಿಯ ಕ್ವಾರ್ಟರ್ ಲೆಕ್ಕ: 90 ಯೂನಿಟ್, ತಲಾ 31 ಡಾಲರ್. ಪುಸ್ತಕ ಬೇರೆ. ಆದಾಯ ಕಡಿಮೆಯಿದ್ದರೆ ‘ಕಾಲೇಜ್ ಪ್ರಾಮಿಸ್ ಗ್ರಾಂಟ್’ ಶುಲ್ಕವನ್ನೇ ಮನ್ನಾ ಮಾಡುತ್ತದೆ. ನಿವಾಸಿ ಎನಿಸಲು ಒಂದು ವರ್ಷಕ್ಕಿಂತ ಹೆಚ್ಚು ಕಾಲ ರಾಜ್ಯದಲ್ಲಿ ನೆಲೆಸಿರಬೇಕು. ಎಫ್-1 (ವಿದ್ಯಾರ್ಥಿ) ವೀಸಾದವರಿಗೆ ಈ ದರ ಸಿಗದು, ಅವರು ಕೊಡುವುದು ಹಲವು ಪಟ್ಟು.

ಬೇ ಏರಿಯಾದ ಕನ್ನಡ ಮನೆಗಳಲ್ಲಿ ಟಿವಿ ಧಾರಾವಾಹಿ ನೋಡಿ ‘ಫೊರೆನ್ಸಿಕ್ಸ್’ (ಅಪರಾಧದ ಸಾಕ್ಷ್ಯಗಳ ವೈಜ್ಞಾನಿಕ ಪರೀಕ್ಷೆ) ಎನ್ನುವ ಮಕ್ಕಳಿದ್ದರೆ ಒಂದು ಎಚ್ಚರಿಕೆ: ಕ್ರೈಂ ಲ್ಯಾಬ್ ಕೇಳುವುದು ರಸಾಯನಶಾಸ್ತ್ರ, ಜೀವಶಾಸ್ತ್ರದ ಪದವಿ. ಫೊರೆನ್ಸಿಕ್ಸ್ ಪರಿಚಯದ ಒಂದು ಕೋರ್ಸ್ ಅಲ್ಲಿ ಲೆಕ್ಕಕ್ಕಿಲ್ಲ.

ಪೊಲೀಸ್ ಆಗುವವರಿಗೆ ಈ ಡಿಗ್ರಿಯಷ್ಟೇ ಸಾಲದು. ಕನಿಷ್ಠ 664 ಗಂಟೆಗಳ ಅಕಾಡೆಮಿ ತರಬೇತಿ ಬೇರೆಯೇ. ಕೆಲವು ಕಾಲೇಜುಗಳೇ ಅದನ್ನು ನಡೆಸಿದರೂ ಅದರ ಯೂನಿಟ್‌ಗಳು ಎ.ಎಸ್.-ಟಿ.ಗೆ ಸಲ್ಲುತ್ತವೆ ಎಂದುಕೊಳ್ಳಬೇಡಿ. 2022ರಿಂದ ನೇಮಕಾತಿ ವಯಸ್ಸು 21. 2023ರಿಂದ ಪೌರತ್ವ ಕಡ್ಡಾಯವಲ್ಲ, ಕಾನೂನುಬದ್ಧ ಕೆಲಸದ ಅನುಮತಿ ಸಾಕು. ಇಲಾಖೆಗಳು ಸ್ವಂತ ಷರತ್ತು ಹಾಕಬಹುದು. ಹಿನ್ನೆಲೆ ತನಿಖೆಯಲ್ಲಿ ಹಳೆಯ ಸಣ್ಣ ತಪ್ಪಿಗಿಂತ ಅದನ್ನು ಮುಚ್ಚಿಟ್ಟದ್ದೇ ಹೆಚ್ಚು ಮುಳುವಾಗುತ್ತದೆ. ಹಾಗಾಗಿ ವಿಳಾಸ, ಕೆಲಸ, ಟ್ರಾಫಿಕ್ ದಂಡಗಳ ದಾಖಲೆಯನ್ನು ಓದುವಾಗಲೇ ಒಂದು ಫೈಲಿನಲ್ಲಿ ಕೂಡಿಡಿ.

ಸ್ಟೇಟ್ ಯೂನಿವರ್ಸಿಟಿಗೆ ವರ್ಗಾವಣೆಯ ಅರ್ಜಿ, ಸೇರುವ ವರ್ಷದ ಹಿಂದಿನ ಅಕ್ಟೋಬರ್ 1ಕ್ಕೇ ತೆರೆಯುತ್ತದೆ. ಎ.ಎಸ್.-ಟಿ. ಎಂಬ ಗುರುತನ್ನು ಅದರಲ್ಲಿ ಹಾಕಿ, ಡಿಗ್ರಿ ಪರಿಶೀಲನೆಗೆ ನಿಮ್ಮ ಕಾಲೇಜಿನಲ್ಲೂ ಪ್ರತ್ಯೇಕ ಅರ್ಜಿ ಕೊಡಿ. ಒಂದು ಕೊಟ್ಟರೆ ಇನ್ನೊಂದು ತಾನಾಗಿ ಹೋಗುವುದಿಲ್ಲ.