ಮೈಡಾಸ್ ಸಿಕ್ಲಿಡ್ ಮರಿ ಮಾಡಿಸಲು ತೊಟ್ಟಿ ಸಿದ್ಧಪಡಿಸುವುದು ಹೇಗೆ?

ಮಧ್ಯ ಅಮೆರಿಕದ ನಿಕರಾಗುವಾ ದೇಶದ ದೊಡ್ಡ ಸರೋವರಗಳಲ್ಲಿ ವಾಸಿಸುವ ಮೈಡಾಸ್ ಸಿಕ್ಲಿಡ್ ಹೊಂಬಣ್ಣದ ಮೀನೆಂದೇ ಅಕ್ವೇರಿಯಂ ಪ್ರಿಯರಿಗೆ ಪರಿಚಿತ. ಮೊಟ್ಟೆಯಿಡಲು ಇನ್ನೂ ಅಣಿಯಾಗದ ಹೆಣ್ಣನ್ನು ಗಂಡು ಅಟ್ಟಾಡಿಸಿ ಕಚ್ಚುತ್ತದೆ. ಸರೋವರದಲ್ಲಾದರೆ ಹೆಣ್ಣು ದೂರ ಈಜಿ ಪಾರಾಗುತ್ತದೆ. ತೊಟ್ಟಿಯಲ್ಲಿ ಅದಕ್ಕೆ ಎಡೆಯಿಲ್ಲದೆ ಜೀವವೇ ಹೋಗಬಹುದು. ಆದ್ದರಿಂದ ತೊಟ್ಟಿಯ ಅಳತೆಯಿಂದ ಕಲ್ಲಿನ ಸ್ಥಾನದವರೆಗೆ ಎಲ್ಲವನ್ನೂ ಹೆಣ್ಣಿನ ರಕ್ಷಣೆಯನ್ನು ಗಮನದಲ್ಲಿಟ್ಟುಕೊಂಡೇ ನಿರ್ಧರಿಸಬೇಕು.

ಒಂದು ಜೋಡಿಗೆ ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿ ಸೂಕ್ತ. ಇದು ಅಂಚಿನವರೆಗೆ ಸುಮಾರು 680 ಲೀಟರ್ ನೀರು ಹಿಡಿಯುತ್ತದೆ. ನೀರೊಂದರ ಭಾರವೇ 680 ಕಿಲೋ ಆಗುವುದರಿಂದ ಮಹಡಿಯ ಮೇಲೆ ಇಡುವವರು ಮೊದಲು ಎಂಜಿನಿಯರ್ ಒಬ್ಬರನ್ನು ಕೇಳುವುದು ಲೇಸು.

ಕಲ್ಲುಗಳನ್ನು ಮರಳಿನ ಮೇಲೆ ಇಡಬಾರದು. ಈ ಮೀನುಗಳು ಮರಳನ್ನು ಬಾಯಲ್ಲಿ ತುಂಬಿಕೊಂಡು ಗುಂಡಿ ತೋಡುತ್ತವೆ. ಬುಡ ಸಡಿಲವಾದ ಕಲ್ಲು ಉರುಳಿದರೆ ಗಾಜು ಒಡೆಯುತ್ತದೆ. ಆದ್ದರಿಂದ ಮೊದಲು ಕಲ್ಲನ್ನು ತಳದ ಮೇಲೆ ಭದ್ರವಾಗಿ ಕೂರಿಸಿ, ಆಮೇಲೆ ಸುತ್ತ ತೆಳುವಾಗಿ ಮರಳು ಹಾಕಬೇಕು. ಮೊಟ್ಟೆ ಅಂಟಿಸಲು ನಯವಾದ ಕಡಪ ಕಲ್ಲಿನ ತುಂಡು ಬಹಳ ಚೆನ್ನ. ಹೀಟರನ್ನು ತೊಟ್ಟಿಯೊಳಗೆ ಇಟ್ಟರೆ ಅದನ್ನೂ ಗುದ್ದಿ ಒಡೆಯುವ ಸಾಧ್ಯತೆ ಇರುವುದರಿಂದ, ಕೆಳಗಿನ ಸಂಪ್ ಫಿಲ್ಟರ್‌ನಲ್ಲಿಡುವುದು (ತೊಟ್ಟಿಯ ನೀರನ್ನು ಸೋಸುವ ಪ್ರತ್ಯೇಕ ಪೆಟ್ಟಿಗೆ) ಕ್ಷೇಮ.

ನೀರಿನ ವಿಷಯದಲ್ಲಿ ನಮ್ಮವರಿಗೆ ಚಿಂತೆ ಕಡಿಮೆ. ಬೆಂಗಳೂರಿನಂಥ ಊರುಗಳ ಗಡಸು ಬೋರ್‌ವೆಲ್ ನೀರು ಈ ಮೀನಿಗೆ ಸಾಮಾನ್ಯವಾಗಿ ಒಗ್ಗುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯಲೇಬೇಕು. ಫಿಲ್ಟರ್‌ನಲ್ಲಿ ಉಪಕಾರಿ ಬ್ಯಾಕ್ಟೀರಿಯಾ ನೆಲೆಯೂರಿ, ಪರೀಕ್ಷೆಯಲ್ಲಿ ಮೀನಿಗೆ ವಿಷವಾದ ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆಗೆ ಬರುವವರೆಗೆ ಮೀನು ಬಿಡಬಾರದು. ಇದಕ್ಕೆ ನಾಲ್ಕರಿಂದ ಆರು ವಾರ ಹಿಡಿಯಬಹುದು. ಉಷ್ಣತೆ 27ರಿಂದ 28 ಡಿಗ್ರಿ ಸೆಲ್ಸಿಯಸ್ ಇರಲಿ.

ಇನ್ನು ಮುಖ್ಯ ಕೆಲಸ, ಗಂಡು ಹೆಣ್ಣನ್ನು ಬೇರೆಯಾಗಿಡುವ ಜಾಲರಿ. ಚೌಕ ರಂಧ್ರಗಳ ಗಟ್ಟಿ ಪ್ಲಾಸ್ಟಿಕ್ ಜಾಲರಿಯನ್ನು ತೊಟ್ಟಿಯ ಅಗಲಕ್ಕೆ, ತಳದಿಂದ ಮುಚ್ಚಳದವರೆಗೆ ಕತ್ತರಿಸಿ, ಎರಡೂ ಬದಿಗೆ ಗಾಜಿನ ಪಟ್ಟಿಗಳನ್ನು ಸಿಲಿಕಾನ್‌ನಿಂದ ಅಂಟಿಸಿ ಅವುಗಳ ನಡುವೆ ಇಳಿಸಬೇಕು. ಎರಡು ಕಡೆಗೂ ಒಂದೊಂದು ಮೀನನ್ನು ಬಿಟ್ಟರೆ ಅವು ಒಂದನ್ನೊಂದು ನೋಡುತ್ತ ಒಗ್ಗಿಕೊಳ್ಳುತ್ತವೆ. ತಲೆಯ ಮೇಲಿನ ಉಬ್ಬನ್ನು ನೋಡಿ ಗಂಡೆಂದು ತೀರ್ಮಾನಿಸಬೇಡಿ. ತೊಟ್ಟಿಯಲ್ಲಿ ಬೆಳೆದ ಹೆಣ್ಣಿಗೂ ಅದು ಬರುತ್ತದೆ. ಜನನಾಂಗದ ತುದಿ ಗಂಡಿನಲ್ಲಿ ಚೂಪಾಗಿ, ಹೆಣ್ಣಿನಲ್ಲಿ ಅಗಲವಾಗಿ ಮೊಂಡಾಗಿರುತ್ತದೆ.

ಹೆಣ್ಣು ಕಲ್ಲನ್ನು ಬಾಯಿಂದ ಉಜ್ಜಿ ಶುಚಿ ಮಾಡತೊಡಗಿದಾಗ ಎರಡು ದಾರಿಗಳಿವೆ. ಗಂಡಿಗಿಂತ ಚಿಕ್ಕದಾದ ಹೆಣ್ಣು ಮಾತ್ರ ನುಸುಳುವಷ್ಟು ಕಿಂಡಿಯನ್ನು ಜಾಲರಿಯಲ್ಲಿ ತೆರೆಯುವುದು ಒಂದು. ಕಲ್ಲನ್ನು ಹೆಣ್ಣಿನ ಕಡೆ ಜಾಲರಿಗೆ ತಾಗಿಸಿಟ್ಟು, ನೀರಿನ ಹರಿವನ್ನು ಗಂಡಿನ ಕಡೆಯಿಂದ ಅತ್ತ ತಿರುಗಿಸಿ, ಜಾಲರಿಯಾಚೆಯಿಂದಲೇ ಗಂಡಿನ ವೀರ್ಯ ಮೊಟ್ಟೆಗಳಿಗೆ ತಲುಪುವಂತೆ ಮಾಡುವುದು ಇನ್ನೊಂದು. ಎರಡನೆಯದರಲ್ಲಿ ಕೆಲವು ಮೊಟ್ಟೆಗಳು ಫಲಿತವಾಗದೆ ಬೆಳ್ಳಗಾಗಿ ಬೂಷ್ಟು ಹಿಡಿಯುತ್ತವೆ, ನಿಜ; ಆದರೂ ಮೊದಲ ಸಲದ ಜೋಡಿಗೆ ನಾನು ಸೂಚಿಸುವುದು ಅದನ್ನೇ.

ಮೊಟ್ಟೆಗಳು ಸುಮಾರು ಮೂರು ದಿನಕ್ಕೆ ಒಡೆಯುತ್ತವೆ. ಮತ್ತೆ ಐದಾರು ದಿನಕ್ಕೆ ಮರಿಗಳು ಈಜತೊಡಗುತ್ತವೆ. ಆಗ ಅವು ತಾಯಿಯ ಮೈಗೆ ಬಾಯಿ ತಾಗಿಸಿ ಲೋಳೆಯನ್ನು ಮೇಯುವುದನ್ನು ಕಾಣಬಹುದು; ಇದು ರೋಗವಲ್ಲ, ಈ ಜಾತಿಯ ಸಹಜ ನಡವಳಿಕೆ. ಜೊತೆಗೆ ಮೊಟ್ಟೆಯಿಂದ ಹೊಸದಾಗಿ ಒಡೆದ ಆರ್ಟೀಮಿಯಾ (ಸಿಗಡಿಯಂಥ ಪುಟ್ಟ ಉಪ್ಪುನೀರಿನ ಜೀವಿ) ಮರಿಗಳನ್ನು ದಿನಕ್ಕೆ ಹಲವು ಬಾರಿ ಕೊಡಬೇಕು. ಫಿಲ್ಟರ್‌ನ ಬಾಯಿಗೆ ಸ್ಪಂಜು ಕಟ್ಟದಿದ್ದರೆ ಮರಿಗಳು ಅದರೊಳಗೆ ಸೇರಿಹೋಗುತ್ತವೆ. ಮರಿಗಳೆಲ್ಲ ಬೂದು ಬಣ್ಣದಲ್ಲಿವೆಯೆಂದು ನಿರಾಶರಾಗಬೇಕಿಲ್ಲ. ಹೊನ್ನಿನ ಬಣ್ಣ ಬರುವುದು ತಿಂಗಳುಗಳ ನಂತರ, ಅದೂ ಎಲ್ಲಕ್ಕೂ ಅಲ್ಲ.

ಒಂದೇ ಸಲಕ್ಕೆ ನೂರಾರು ಮರಿಗಳಾಗುವುದರಿಂದ, ಅವನ್ನು ಕೊಳ್ಳುವ ಅಂಗಡಿಯವರೊಡನೆ ಜೋಡಿಯನ್ನು ತರುವ ಮುನ್ನವೇ ಮಾತಾಡಿಕೊಳ್ಳಬೇಕು. ಉಳಿದ ಮರಿಗಳನ್ನು ಊರ ಕೆರೆಗೆ ಬಿಟ್ಟರೆ ಅಲ್ಲಿನ ಮೀನುಗಳಿಗೆ ಕುತ್ತು.