ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್: ಮೊದಲು ಗಂಟುಮೂಟೆ, ಆಮೇಲೆ ಮನೆ ಬದಲು

ನಮ್ಮ ಸೋದರಮಾವನವರ ಲ್ಯಾಪ್‌ಟಾಪ್‌ಗೆ ಹನ್ನೆರಡು ವರ್ಷ. ಗುಂಡಿ ಒತ್ತಿ ಅಡುಗೆಮನೆಗೆ ಹೋಗಿ, ಕಾಫಿ ಸೋಸಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ವಿಂಡೋಸ್ 10ಕ್ಕೆ ಇದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಕೇಳುತ್ತದೆ. ಈ ಯಂತ್ರದಲ್ಲಿ ಅದಿಲ್ಲ. ‘ಗುಜರಿಗೆ ಹಾಕಿಬಿಡಲೇನೋ?’ ಎಂದರು ಮಾವ. ಒಂದು ಭಾನುವಾರ ಕೊಡಿ ಎಂದೆ.

ವಿಂಡೋಸ್‌ನ ಜಾಗದಲ್ಲಿ ಹಾಕಿಕೊಳ್ಳಬಹುದಾದ ಉಚಿತ ಕಾರ್ಯಾಚರಣ ವ್ಯವಸ್ಥೆಯೇ ಲಿನಕ್ಸ್. ಅದರಲ್ಲಿ ಬಗೆಗಳು ನೂರಾರು. ವಿಂಡೋಸ್ ನೋಡಿ ಅಭ್ಯಾಸವಾದವರಿಗೆ ನಾನು ಹೇಳುವುದು ಲಿನಕ್ಸ್ ಮಿಂಟ್, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಕೆಳಗಿನ ಮೂಲೆಯಲ್ಲಿ ಮೆನು, ಇನ್ನೊಂದು ಮೂಲೆಯಲ್ಲಿ ಗಡಿಯಾರ, ಎಲ್ಲವೂ ಕಂಡ ಜಾಗದಲ್ಲೇ ಇರುತ್ತದೆ. ಪ್ರೊಸೆಸರ್ 64 ಬಿಟ್‌ನದಾಗಿರಬೇಕು. ರ್‍ಯಾಮ್ 2 ಜಿಬಿ ಇದ್ದರೆ ನಡೆಯುತ್ತದೆ ಎನ್ನುತ್ತಾರೆ, ಆದರೆ ಬ್ರೌಸರ್ ತೆರೆದ ಕೂಡಲೇ ಏದುಸಿರು ಬಿಡುತ್ತದೆ. 4 ಜಿಬಿ ಇರಲಿ. ಟ್ಯಾಲಿ ಬಳಸುವವರು, ಪೇಜ್‌ಮೇಕರ್‌ನಲ್ಲಿ ಲಗ್ನಪತ್ರಿಕೆ ಮಾಡುವ ಮುದ್ರಣಾಲಯದವರು ಈ ಲೇಖನವನ್ನು ಇಲ್ಲಿಗೇ ಬಿಡಬಹುದು. ಅವು ವಿಂಡೋಸ್‌ನ ಕೂಸುಗಳು.

ಗಂಟುಮೂಟೆ ಕಟ್ಟುವುದು

ಇನ್‌ಸ್ಟಾಲ್ ಮಾಡುವುದು ಅರ್ಧ ಗಂಟೆಯ ಕೆಲಸ. ಜನ ಕೈ ಸುಟ್ಟುಕೊಳ್ಳುವುದು ಅದಕ್ಕೂ ಮುಂಚೆ. ಬೇಕಾದ ಫೈಲುಗಳನ್ನೆಲ್ಲ ಬೇರೊಂದು ಹಾರ್ಡ್ ಡಿಸ್ಕ್‌ಗೆ ನಕಲಿಸಿಕೊಳ್ಳಿ. ಡಾಕ್ಯುಮೆಂಟ್ಸ್ ಫೋಲ್ಡರ್ ಒಂದೇ ಅಲ್ಲ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಿ ಡ್ರೈವ್ ಎಲ್ಲವನ್ನೂ ನೋಡಿ. ಬ್ರೌಸರ್‌ನ ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್‌ಗಳನ್ನು ಮರೆಯಬೇಡಿ. ನಕಲಿಸಿದ ಮೇಲೆ ನಾಲ್ಕಾರು ಫೈಲುಗಳನ್ನು ಮತ್ತೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ.

ಹಾಗೆ ನೋಡಿದ್ದರಿಂದಲೇ ನಾವು ಬಚಾವಾದೆವು. ಮಾವ ಹದಿನೈದು ವರ್ಷಗಳಿಂದ ನಮ್ಮ ಮನೆತನದ ವಂಶಾವಳಿಯನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಕೊಂಡು ಬಂದಿದ್ದಾರೆ. ನನ್ನ ಕಂಪ್ಯೂಟರಿನಲ್ಲಿ ತೆರೆದರೆ ‘ಕನ್ನಡ’ ಎಂದಿರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಎಳೆಸಿಕೊಂಡ ಎ, ಪಕ್ಕದಲ್ಲಿ ಪೌಂಡಿನ ಚಿಹ್ನೆ! ಮುತ್ತಜ್ಜಂದಿರೆಲ್ಲ ಗುರುತೇ ಸಿಗದಂತಾಗಿದ್ದರು. ಹಳೆಯ ನುಡಿ, ಬರಹ ಕಡತಗಳು ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಅಕ್ಷರ ಸಂಕೇತದಲ್ಲಿ, ಇಲ್ಲ. ಆಯಾ ಫಾಂಟ್ ಇದ್ದರೆ ಮಾತ್ರ ಅಕ್ಷರ ಕಾಣುತ್ತದೆ. ವಿಂಡೋಸ್ ಅಳಿಸುವ ಮೊದಲೇ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿ, ಮೂಲ ಪ್ರತಿಯನ್ನೂ ಇಟ್ಟುಕೊಳ್ಳಿ. ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಸ್ಥಾನ ತಪ್ಪುವುದುಂಟು. ನಮ್ಮ ಭಾನುವಾರದ ಬಹುಪಾಲು ಹೋದದ್ದು ಇದಕ್ಕೇ.

ಪೆನ್‌ಡ್ರೈವ್

ಮಿಂಟ್‌ನ ಅಧಿಕೃತ ತಾಣದಿಂದಲೇ ಐಎಸ್‌ಒ ಕಡತ (ಇಡೀ ಮಿಂಟ್ ಅಡಗಿರುವ ಒಂದೇ ಫೈಲು) ಇಳಿಸಿಕೊಳ್ಳಿ. ಸುಮಾರು 3 ಜಿಬಿ ಇರುತ್ತದೆ. 8 ಜಿಬಿಯ ಪೆನ್‌ಡ್ರೈವ್ ಸಾಕು, ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ. ಪೆನ್‌ಡ್ರೈವ್‌ಗೆ ಐಎಸ್‌ಒ ಸುಮ್ಮನೆ ಕಾಪಿ ಮಾಡಿದರೆ ಪ್ರಯೋಜನವಿಲ್ಲ, ರೂಫಸ್ ಎಂಬ ಉಚಿತ ತಂತ್ರಾಂಶದಿಂದ ಬರೆಯಬೇಕು. ರೂಫಸ್‌ನಲ್ಲಿ ಐಎಸ್‌ಒ ಆರಿಸುವ ಗುಂಡಿಯ ಪಕ್ಕದಲ್ಲಿ ಸರಿ ಗುರುತಿನ ಚಿಕ್ಕ ಗುಂಡಿಯಿದೆ. ಅದನ್ನು ಒತ್ತಿದರೆ ಎಸ್‌ಎಚ್‌ಎ-256 ಎಂಬ ಉದ್ದನೆಯ ಸಂಖ್ಯೆ ಬರುತ್ತದೆ. ತಾಣದಲ್ಲಿ ಕೊಟ್ಟಿರುವುದಕ್ಕೆ ಅದು ತಾಳೆಯಾಗದಿದ್ದರೆ ಕಡತ ಕೆಟ್ಟಿದೆ ಎಂದರ್ಥ, ಮತ್ತೆ ಇಳಿಸಿಕೊಳ್ಳಿ.

ಪೆನ್‌ಡ್ರೈವ್ ಸಿಕ್ಕಿಸಿ ಲ್ಯಾಪ್‌ಟಾಪನ್ನು ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಬೇಡ, ಬೇಗ ಶುರುವಾಗಲೆಂದು ಇಟ್ಟಿರುವ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಕಂಪನಿಯ ಹೆಸರು ಮೂಡುವಾಗ ಯಾವ ಡ್ರೈವ್‌ನಿಂದ ಶುರುವಾಗಬೇಕೆಂದು ಕೇಳುವ ಬೂಟ್ ಮೆನುವಿನ ಕೀಲಿಯನ್ನು ಟಪಟಪನೆ ಒತ್ತುತ್ತಿರಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಎಫ್9. ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿದರೆ ಮಿಂಟ್ ಅದರಿಂದಲೇ ಓಡತೊಡಗುತ್ತದೆ. ಹಾರ್ಡ್ ಡಿಸ್ಕನ್ನು ಅದು ಇನ್ನೂ ಮುಟ್ಟಿರುವುದಿಲ್ಲ.

ಇಲ್ಲಿ ಅವಸರ ಬೇಡ. ವೈಫೈ ಸಿಗುತ್ತದೆಯೇ, ಹಾಡು ಕೇಳಿಸುತ್ತದೆಯೇ, ಕ್ಯಾಮೆರಾ ಬರುತ್ತದೆಯೇ, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರವಾಗುತ್ತದೆಯೇ ಎಂದು ನೋಡಿ. ನಮಗೆ ವೈಫೈ ಕೈಕೊಟ್ಟಿತು. ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ, ಅದರ ಇಂಟರ್ನೆಟ್ ಲ್ಯಾಪ್‌ಟಾಪ್‌ಗೆ ಸಿಗುವಂತೆ ಯುಎಸ್‌ಬಿ ಟೆದರಿಂಗ್ ಹಾಕಿದೆವು. ಇನ್‌ಸ್ಟಾಲ್ ಆದ ಮೇಲೆ ಡ್ರೈವರ್ ಮ್ಯಾನೇಜರ್ ತೆರೆದಾಗ ಬೇಕಾದ ಡ್ರೈವರ್ (ವೈಫೈ ನಡೆಸುವ ತಂತ್ರಾಂಶ) ಅಲ್ಲೇ ಸಿಕ್ಕಿತು.

ಎಲ್ಲ ಸರಿಯೆನಿಸಿದರೆ ಡೆಸ್ಕ್‌ಟಾಪಿನಲ್ಲಿರುವ ಇನ್‌ಸ್ಟಾಲ್ ಚಿತ್ರದ ಮೇಲೆ ಎರಡು ಬಾರಿ ಕ್ಲಿಕ್ಕಿಸಿ. ಭಾಷೆಯ ಪಟ್ಟಿಯಲ್ಲಿ ಕನ್ನಡವೂ ಇದೆ, ಆದರೆ ಅನುವಾದ ಅರೆಬರೆ; ಸದ್ಯಕ್ಕೆ ಇಂಗ್ಲಿಷೇ ವಾಸಿ. ಹಾಡು, ವಿಡಿಯೊ ಓಡಿಸಲು ಬೇಕಾಗುವ ಮಲ್ಟಿಮೀಡಿಯಾ ಕೋಡೆಕ್‌ಗೆ ಟಿಕ್ ಹಾಕಿ. ಮುಂದೆ ಬರುವ ಪುಟದಲ್ಲಿ ಮಾತ್ರ ಕೈ ತಡೆದು ಓದಿ: ಡಿಸ್ಕ್ ಪೂರ್ತಿ ಅಳಿಸಬೇಕೇ, ವಿಂಡೋಸ್ ಪಕ್ಕದಲ್ಲೇ ಇರಬೇಕೇ ಎಂದು ಕೇಳುತ್ತದೆ. ಹಳೆಯ ಚಿಕ್ಕ ಡಿಸ್ಕ್‌ನಲ್ಲಿ ಎರಡು ಸಂಸಾರ ಹೂಡುವುದು ನನಗೆ ಇಷ್ಟವಿಲ್ಲ, ಅಳಿಸಿದೆ. ಉಳಿದದ್ದು ಊರಿನ ಸಮಯ, ಹೆಸರು, ಪಾಸ್‌ವರ್ಡ್ ಅಷ್ಟೇ. ಕೈಯಲ್ಲಿ ಕಾಸಿದ್ದರೆ ಇದಕ್ಕೂ ಮೊದಲೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್) ಹಾಕಿಸಿಬಿಡಿ. ವೇಗಕ್ಕೆ ಅದು ಕೊಡುವ ಬಲವನ್ನು ಯಾವ ತಂತ್ರಾಂಶವೂ ಕೊಡಲಾರದು.

ಮುಗಿದ ಮೇಲೆ ಅಪ್‌ಡೇಟ್ ಮ್ಯಾನೇಜರ್ ಓಡಿಸಿ, ಟೈಮ್‌ಶಿಫ್ಟ್ ಎಂಬ ತಂತ್ರಾಂಶದಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಮುಂದೆ ಏನಾದರೂ ಎಡವಟ್ಟಾದರೆ ಸಿಸ್ಟಂ ಅನ್ನು ಇವತ್ತಿನ ಸ್ಥಿತಿಗೆ ತರಬಹುದು. ಕನ್ನಡಕ್ಕೆ ಕೀಬೋರ್ಡ್ ಸೆಟ್ಟಿಂಗ್‌ನ ಲೇಔಟ್ ಪುಟದಲ್ಲಿ ಭಾರತದ ಪಟ್ಟಿ ಬಿಡಿಸಿ ‘ಕನ್ನಡ, ಕಗಪ’ ಎಂಬುದನ್ನು, ಅಂದರೆ ನುಡಿಯಲ್ಲಿರುವ ಕನ್ನಡ ಗಣಕ ಪರಿಷತ್ತಿನ ಕೀಲಿ ಜೋಡಣೆಯನ್ನು, ಸೇರಿಸಿ. ಬರೀ ‘ಕನ್ನಡ’ ಎಂದಿರುವುದು ಇನ್‌ಸ್ಕ್ರಿಪ್ಟ್ ಎಂಬ ಬೇರೆ ಕೀಲಿ ಜೋಡಣೆ, ನುಡಿಗೆ ಒಗ್ಗಿದ ಬೆರಳುಗಳಿಗೆ ಅದು ಪರದೇಶ. ಕಗಪದಲ್ಲಿ ಒತ್ತಕ್ಷರಕ್ಕೆ ಅದೇ ಹಳೆಯ ಎಫ್ ಕೀಲಿ. ಮಾವ ಅದನ್ನೊತ್ತಿ ನೋಡಿ, ಕನ್ನಡಕ ಸರಿಮಾಡಿಕೊಂಡು, ಪರಿವರ್ತಕ ಕೆಡಿಸಿದ್ದ ಮುತ್ತಜ್ಜನ ಹೆಸರನ್ನು ತಿದ್ದತೊಡಗಿದರು.