ನೆಟ್ ಇಲ್ಲದ ಮಂಡಿಗೆ ಗಿಟ್: ಬಂಡಲ್ ಕಟ್ಟಿ ಕೋಡ್ ಕಳಿಸಿದ ನನ್ನ ಅನುಭವ

ಟೊಮೆಟೊ ಮಂಡಿಗಳಿಗೆ ಪಟ್ಟಿ (ಮಾರಾಟದ ಬಿಲ್) ಹೊಡೆಯುವ ನಮ್ಮ ಸಾಫ್ಟ್‌ವೇರ್ ಏಳು ಅಂಗಡಿಗಳಲ್ಲಿದೆ. ಕೋಲಾರದಲ್ಲಿ ನಾಲ್ಕು, ವಡ್ಡಹಳ್ಳಿಯಲ್ಲಿ ಎರಡು, ಚಿಂತಾಮಣಿಯಲ್ಲಿ ಒಂದು. ಪಿಎಚ್‌ಪಿ, ಮೈಎಸ್‌ಕ್ಯೂಎಲ್, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಅಂಗಡಿಯ ಕಂಪ್ಯೂಟರಿಗೆ ನೆಟ್ ಇಲ್ಲ. ಇಂಥ ಕಡೆ ಗಿಟ್ (ಕೋಡಿನ ಪ್ರತಿ ಬದಲಾವಣೆಯ ಲೆಕ್ಕವಿಡುವ ಸಾಧನ) ನಡೆಯೋದಿಲ್ಲ, ಜಿಪ್ ಮಾಡಿ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ ಎಂದು ಇದೇ ಕಸುಬಿನವರೇ ಹೇಳಿದ್ದರು. ಮೂರು ಸೀಸನ್ ಆಯಿತು, ಏಳೂ ಅಂಗಡಿ ಒಂದೇ ರೆಪೊದ (ಕೋಡನ್ನೂ ಅದರ ಇತಿಹಾಸವನ್ನೂ ಗಿಟ್ ಇಡುವ ಸಂಗ್ರಹ) ಮೇಲೆ ನಡೆಯುತ್ತಿವೆ. ಯಾವ ಅಂಗಡಿಯಲ್ಲಿ ಯಾವ ಕೋಡ್ ಇದೆ ಎಂದು ಕೂತಲ್ಲೇ ಹೇಳಬಲ್ಲೆ.

ಜಿಪ್ ಕಾಲದ ಖರ್ಚು ಮೊದಲು ಹೇಳುತ್ತೇನೆ. ಕೋಲಾರದಿಂದ ಚಿಂತಾಮಣಿಗೆ ಬೈಕಿನಲ್ಲಿ ಹೋಗಿ ಬರಲು ಸುಮಾರು 200 ರೂಪಾಯಿ ಪೆಟ್ರೋಲ್, ಸೀಸನ್‌ನಲ್ಲಿ ವಾರಕ್ಕೆ ಎರಡು ಮೂರು ಸಲ. ಅದಕ್ಕಿಂತ ದೊಡ್ಡ ಪೆಟ್ಟು ಹಳೇ ಜಿಪ್‌ನಿಂದ ಬಿತ್ತು. ಒಂದು ಅಂಗಡಿಯಲ್ಲಿ ಹೊಸ ಕೋಡಿನ ಮೇಲೆ ಹಳೆಯದು ಬಿಚ್ಚಿಕೊಂಡು, ಎರಡು ದಿನ ಹಳೇ ಹಮಾಲಿ ದರದಲ್ಲೇ ಪಟ್ಟಿ ಹೋಯಿತು. ವ್ಯತ್ಯಾಸ ಹನ್ನೊಂದು ಸಾವಿರದ ಹತ್ತಿರ ಬಂತು, ನಾವೇ ತುಂಬಿಕೊಟ್ಟೆವು.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಉಪಾಯ: ಪೆನ್‌ಡ್ರೈವ್‌ನಲ್ಲೇ ‘ಗಿಟ್ ಇನಿಟ್ --ಬೇರ್’ನಿಂದ ರೆಪೊ ಮಾಡಿ, ಆಫೀಸಿನಿಂದ ಪುಶ್ (ಕೋಡ್ ಹಾಕುವುದು), ಅಂಗಡಿಯಲ್ಲಿ ಪುಲ್ (ಇಳಿಸಿಕೊಳ್ಳುವುದು). ಹದಿನೈದು ದಿನ ಚೆನ್ನಾಗಿ ನಡೆದು ಕೆಟ್ಟಿತು. ಮಂಡಿಯಲ್ಲಿ ಯಾರೂ ‘ಸೇಫ್ಲಿ ರಿಮೂವ್’ ಒತ್ತುವುದಿಲ್ಲ, ಎಳೆದುಕೊಂಡು ಹೋಗುತ್ತಾರೆ. ಆಬ್ಜೆಕ್ಟ್ ಫೈಲುಗಳ (ಗಿಟ್ ಕೋಡನ್ನು ಕೂಡಿಡುವ ಫೈಲುಗಳು) ಹೆಸರು ಮಾತ್ರ ಉಳಿದು ಗಾತ್ರ ಸೊನ್ನೆಯಾಗುತ್ತದೆ. ‘ಗಿಟ್ ಎಫ್‌ಎಸ್‌ಸಿಕೆ --ಫುಲ್’ ಓಡಿಸಿ ರೆಪೊ ತಪಾಸಣೆ ಮಾಡಿದರೆ ಸಾಲುಸಾಲು ‘ಎಂಪ್ಟಿ’. ಜೊತೆಗೆ 2.35.2ರಿಂದ ಈಚಿನ ಗಿಟ್, ಫ್ಯಾಟ್32 ಡ್ರೈವ್‌ನಲ್ಲಿ ಫೋಲ್ಡರಿನ ಮಾಲೀಕ ಯಾರೆಂದು ತಿಳಿಯದೆ ‘ಡುಬಿಯಸ್ ಓನರ್‌ಶಿಪ್’ ಎಂದು ನಿಂತುಬಿಡುತ್ತದೆ. ನಂಬಬಹುದಾದ ಫೋಲ್ಡರುಗಳ ಸಾಲಾದ ‘ಸೇಫ್.ಡೈರೆಕ್ಟರಿ’ಗೆ ಸೇರಿಸಿದರೆ ಆಯಿತು ನಿಜ, ಆದರೆ ಇವತ್ತು ಇ ಡ್ರೈವ್, ನಾಳೆ ಎಫ್ ಡ್ರೈವ್. 350 ರೂಪಾಯಿಯ ನಾಲ್ಕು ಪೆನ್‌ಡ್ರೈವ್ ಹೋದ ಮೇಲೆ ಆ ದಾರಿ ಬಿಟ್ಟೆ.

ಕೆಲಸಕ್ಕೆ ಬಂದದ್ದು ‘ಗಿಟ್ ಬಂಡಲ್’. ಬೇಕಾದ ಕಮಿಟ್‌ಗಳನ್ನೆಲ್ಲ (ದಾಖಲಾದ ಒಂದೊಂದು ಬದಲಾವಣೆಯೂ ಒಂದು ಕಮಿಟ್) ಒಂದೇ ಫೈಲಿಗೆ ಗಂಟು ಕಟ್ಟುತ್ತದೆ, ಆ ಫೈಲಿನಿಂದಲೇ ಫೆಚ್ ಮಾಡಬಹುದು, ಎಂದರೆ ಕಮಿಟ್ ಇಳಿಸಿಕೊಳ್ಳಬಹುದು. ಮೊದಲ ಸಲ ‘--ಆಲ್’ ಹಾಕಿ ಪೂರ್ತಿ ಬಂಡಲ್ ಒಯ್ದು ಅದರಿಂದಲೇ ಕ್ಲೋನ್ (ರೆಪೊದ ಪೂರ್ತಿ ನಕಲು). ಆಮೇಲಿನದ್ದು ವ್ಯತ್ಯಾಸ ಮಾತ್ರ: ‘ಗಿಟ್ ಬಂಡಲ್ ಕ್ರಿಯೇಟ್ ಹೊಸದು.ಬಂಡಲ್ ವಡ್ಡಹಳ್ಳಿ-17..ಮಾಸ್ಟರ್’. ಎಡಗಡೆಯದು ಟ್ಯಾಗ್, ಎಂದರೆ ಒಂದು ಕಮಿಟ್‌ಗೆ ಅಂಟಿಸಿದ ಹೆಸರು; ಬಲಗಡೆಯದು ಬ್ರಾಂಚ್, ಎಂದರೆ ಕೋಡಿನ ಒಂದು ಕವಲು. ಹತ್ತು ಹನ್ನೆರಡು ಕಮಿಟ್ ಇದ್ದರೂ 10-20 ಕೆಬಿ ದಾಟುವುದು ಅಪರೂಪ. ಅದನ್ನು ಗುಮಾಸ್ತರ ಮೊಬೈಲಿಗೆ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸುತ್ತೇನೆ. ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಿ, ಡೆಸ್ಕ್‌ಟಾಪ್‌ನಲ್ಲಿರುವ ಬ್ಯಾಚ್ ಫೈಲಿನ ಮೇಲೆ ಎರಡು ಸಲ ಒತ್ತಿದರೆ ಅವರ ಕೆಲಸ ಮುಗಿಯಿತು.

ಇಲ್ಲಿ ಎಡವುವ ಜಾಗಗಳಿವೆ. ರೇಂಜಿನ ಬಲಗಡೆ ಬ್ರಾಂಚಿನ ಹೆಸರೇ ಇರಬೇಕು. ಎರಡೂ ಕಡೆ ಬರೀ ಹ್ಯಾಶ್ (ಕಮಿಟ್‌ನ ಗುರುತಿನ ಸಂಖ್ಯೆ) ಕೊಟ್ಟರೆ, ನಡುವೆ ನೂರು ಕಮಿಟ್ ಇದ್ದರೂ ‘ಖಾಲಿ ಬಂಡಲ್ ಮಾಡಲಾರೆ’ ಎನ್ನುತ್ತದೆ. ಎಡಗಡೆಯ ಟ್ಯಾಗ್ ಆ ಅಂಗಡಿಗೆ ನಿಜವಾಗಿ ತಲುಪಿದ ಕೊನೆಯ ಕಮಿಟ್ ಆಗಿರಬೇಕು. ಮೊದಮೊದಲು ಬಂಡಲ್ ಕಳಿಸಿದ ತಕ್ಷಣ ಟ್ಯಾಗ್ ಮುಂದೆ ಸರಿಸುತ್ತಿದ್ದೆ. ಗುಮಾಸ್ತರು ಒತ್ತುವುದನ್ನು ಮರೆತರೆ ಮುಂದಿನ ಬಂಡಲ್ ಅಲ್ಲಿ ‘ಹಿಂದಿನ ಕಮಿಟ್‌ಗಳು ಇಲ್ಲ’ ಎಂದು ನಿಲ್ಲುತ್ತಿತ್ತು. ಈಗ ಅವರು ಪರದೆಯ ಕೊನೆಯ ಸಾಲಿನ ಫೋಟೊ ಕಳಿಸಿ, ಅದರಲ್ಲಿನ ಏಳು ಅಕ್ಷರದ ಹ್ಯಾಶ್ ತಾಳೆಯಾದ ಮೇಲೇ ಟ್ಯಾಗ್ ಸರಿಸುತ್ತೇನೆ. ಅನುಮಾನ ಬಂದರೆ ಎರಡು ಟ್ಯಾಗ್ ಹಿಂದಿನಿಂದ ಕಟ್ಟಿ. ಅಂಗಡಿಯಲ್ಲಿ ಈಗಾಗಲೇ ಇರುವ ಕಮಿಟ್ ಮತ್ತೆ ಹೋದರೆ ಏನೂ ನಷ್ಟವಿಲ್ಲ.

ಬ್ಯಾಚ್ ಫೈಲು ಮೊದಲು ‘ಬಂಡಲ್ ವೆರಿಫೈ’, ಆಮೇಲೆ ಫೆಚ್, ಕೊನೆಗೆ ‘ಮರ್ಜ್ --ಎಫ್‌ಎಫ್-ಓನ್ಲಿ’ ಮಾಡುತ್ತದೆ. ಎಫ್‌ಎಫ್-ಓನ್ಲಿ ಬಿಡಲೇಬೇಡಿ; ಅದಿದ್ದರೆ ಬಂದ ಕಮಿಟ್‌ಗಳು ಅಂಗಡಿಯ ಕೊನೆಯ ಕಮಿಟ್‌ನ ನೇರ ಮುಂದುವರಿಕೆಯಾದಾಗ ಮಾತ್ರ ಮರ್ಜ್ ಆಗುತ್ತವೆ, ಎಂದರೆ ಅಲ್ಲಿನ ಕೋಡಿಗೆ ಸೇರುತ್ತವೆ. ಬಿಟ್ಟರೆ ಎಂದಾದರೊಂದು ದಿನ ಮಂಡಿಯ ಪರದೆಯ ಮೇಲೆ ಕಾನ್ಫ್ಲಿಕ್ಟ್ (ಎರಡು ಬದಲಾವಣೆಗಳ ಡಿಕ್ಕಿ) ತೆರೆದುಕೊಳ್ಳುತ್ತದೆ, ಹೊರಗೆ ಹರಾಜು ನಡೆಯುತ್ತಿರುತ್ತದೆ. ಮರ್ಜ್ ಆದ ಮೇಲೆ ಕೆಟ್ಟರೆ ಹಳೇ ಕೋಡಿಗೆ ಅದಾಗಿಯೇ ವಾಪಸ್ ಹೋಗುವ ಎರಡು ಸಾಲು ಆ ಫೈಲಿನಲ್ಲಿವೆ. ಅವು ನಮ್ಮ ಅನ್ನ, ಇಲ್ಲಿ ಬರೆಯುವುದಿಲ್ಲ. ರಿಫ್‌ಲಾಗ್ (ಕೋಡ್ ಹಿಂದೆ ಯಾವ ಕಮಿಟ್‌ನಲ್ಲಿತ್ತು ಎಂಬ ಗಿಟ್‌ನ ದಿನಚರಿ) ಗೊತ್ತಿದ್ದವರಿಗೆ ಹೊಳೆಯುತ್ತದೆ. ಅಂಗಡಿಗಳಲ್ಲಿ ಇನ್ನೂ ವಿಂಡೋಸ್ 7 ಇದ್ದರೆ ಗಿಟ್ 2.46ಕ್ಕೇ ನಿಲ್ಲಿಸಿ, ಮುಂದಿನವು ಅದರಲ್ಲಿ ನಡೆಯುವುದಿಲ್ಲ.

ಅತಿ ಹೆಚ್ಚು ನೋವು ಕೊಟ್ಟದ್ದು ಸೆಟ್ಟಿಂಗ್ಸ್ ಫೈಲು. ಅಂಗಡಿಯ ಹೆಸರು, ಪಟ್ಟಿ ನಂಬರಿನ ಸರಣಿ, ಪ್ರಿಂಟರ್ ಪೋರ್ಟ್ ಎಲ್ಲ ಅದರಲ್ಲಿ. ಮೊದಲ ಕಮಿಟ್‌ನಲ್ಲೇ ತಪ್ಪಿ ರೆಪೊಗೆ ಸೇರಿಬಿಟ್ಟಿತ್ತು. ‘.ಗಿಟ್‌ಇಗ್ನೋರ್’ಗೆ (ಗಿಟ್ ಲೆಕ್ಕಕ್ಕೆ ತೆಗೆದುಕೊಳ್ಳಬಾರದ ಫೈಲುಗಳ ಸಾಲು) ಹಾಕಿದರೆ ಸಾಲದು, ಒಮ್ಮೆ ಒಳಗೆ ಬಂದ ಫೈಲನ್ನು ಗಿಟ್ ಬಿಡುವುದಿಲ್ಲ. ‘ಗಿಟ್ ಆರ್‌ಎಂ --ಕ್ಯಾಶ್ಡ್’ ಮಾಡಿ, ಎಂದರೆ ಫೈಲನ್ನು ರೆಪೊದಿಂದ ಮಾತ್ರ ತೆಗೆದು, ಕಮಿಟ್ ಮಾಡಿದೆ. ನನ್ನ ಕಂಪ್ಯೂಟರಿನಲ್ಲಿ ಫೈಲು ಹಾಗೇ ಉಳಿಯಿತು, ಸರಿಹೋಯಿತು ಎಂದುಕೊಂಡೆ. ಆದರೆ ಆ ಕಮಿಟ್ ಅಂಗಡಿಗೆ ಹೋದಾಗ ಅಲ್ಲಿನ ಗಿಟ್ ಅದನ್ನು ‘ಅಳಿಸು’ ಎಂದೇ ಓದುತ್ತದೆ. ಎರಡು ಅಂಗಡಿಯಲ್ಲಿ ಸೆಟ್ಟಿಂಗ್ಸ್ ಫೈಲೇ ಮಾಯ. ನಂಬರು ಒಂದರಿಂದ ಶುರುವಾಗಿ, ಯಜಮಾನರ ಹೆಸರಿನ ಜಾಗ ಖಾಲಿ. ಸರಿಯಾದ ಕ್ರಮ ಇಷ್ಟು: ಮರ್ಜ್‌ಗೆ ಮುಂಚೆ ಫೈಲಿನ ಹೆಸರು ಬದಲಿಸಿ ಪಕ್ಕಕ್ಕಿಡು, ಮರ್ಜ್ ಮಾಡು, ವಾಪಸ್ ಇಡು. ರೆಪೊದಲ್ಲಿ ‘ಮಾದರಿ’ ಎಂಬ ಹೆಸರಿನ ಖಾಲಿ ನಮೂನೆ ಮಾತ್ರ ಇರಲಿ.

ಎರಡನೆಯದು ಪ್ರಿಂಟರ್. ಪಟ್ಟಿಯ ತಲೆಭಾಗಕ್ಕೆ ಎಸ್ಕೇಪ್ ಕೋಡುಗಳ (ಪ್ರಿಂಟರಿಗೆ ಕೊಡುವ ಆಜ್ಞೆಗಳು) ಒಂದು ಸಣ್ಣ ಫೈಲಿದೆ. ಅದರಲ್ಲಿ ‘ಎಸ್ಕೇಪ್ ಜೆ 10’ ಎಂದರೆ ಕಾಗದವನ್ನು 10/216 ಇಂಚು ಸರಿಸು ಎಂದರ್ಥ. ಆ 10 ಒಂದು ಬೈಟ್, ಸಾಲು ಮುರಿಯುವ ಚಿಹ್ನೆಯೂ ಅದೇ ಬೈಟ್. ಆಫೀಸಿನ ಲಿನಕ್ಸ್‌ನಿಂದ ಹೋದ ಫೈಲನ್ನು ಅಂಗಡಿಯ ವಿಂಡೋಸ್ ಗಿಟ್ ಪಠ್ಯವೆಂದು ತಿಳಿದು ಆ 10ಕ್ಕೆ ಮುಂಚೆ 13 ಎಂಬ ಬೈಟ್ ಸೇರಿಸಿತು. ಕಾಗದ 13/216 ಸರಿದು, ಮೇಲೆ ಒಂದು ಇಡೀ ಸಾಲು ಹೆಚ್ಚಾಗಿ ಇಳಿಯಿತು. ಹತ್ತು ಪಟ್ಟಿ ಹೊಡೆಯುವಷ್ಟರಲ್ಲಿ ಹರಿಯುವ ಗೆರೆ ಒಟ್ಟು ಮೊತ್ತದ ಮೇಲೇ ಬರುತ್ತಿತ್ತು. ರಿಬ್ಬನ್, ಟ್ರ್ಯಾಕ್ಟರ್ ಎಲ್ಲ ಬದಲಾಯಿಸಿ 1,400 ರೂಪಾಯಿ ಹೋದ ಮೇಲೆ ಕಾರಣ ಸಿಕ್ಕಿತು. ‘.ಗಿಟ್‌ಆಟ್ರಿಬ್ಯೂಟ್ಸ್’ನಲ್ಲಿ ‘*.ಪಿಆರ್‌ಎನ್ -ಟೆಕ್ಸ್ಟ್’ ಎಂಬ, ಆ ಫೈಲು ಪಠ್ಯವಲ್ಲ ಎನ್ನುವ ಒಂದೇ ಸಾಲು ಸಾಕಾಯಿತು. ಅಂಗಡಿಯಲ್ಲಿ ಆ ಫೈಲನ್ನು ಅಳಿಸಿ ರೆಪೊದಿಂದ ಮತ್ತೆ ಚೆಕ್‌ಔಟ್ ಮಾಡುವುದು ಮರೆಯಬೇಡಿ, ಸಾಲು ಸೇರಿಸಿದ ಮಾತ್ರಕ್ಕೆ ಹಳೇ ಪ್ರತಿ ಬದಲಾಗುವುದಿಲ್ಲ.

ಕನ್ನಡದ ವಿಷಯಕ್ಕೆ ಬಂದರೆ, ಫೈಲಿಗೆ ‘ಪಟ್ಟಿ’ ಎಂದು ಹೆಸರಿಟ್ಟರೆ ‘ಗಿಟ್ ಸ್ಟೇಟಸ್’ ಅದನ್ನು \340\262\252\340\262\237 ಎಂದು ಶುರುಮಾಡಿ ತೋರಿಸುತ್ತದೆ. ‘ಕೋರ್.ಕೋಟ್‌ಪಾತ್’ ಅನ್ನು ಫಾಲ್ಸ್ ಮಾಡಿದರೆ ಕನ್ನಡವೇ ಕಾಣುತ್ತದೆ. ಅದಕ್ಕಿಂತ ಸೂಕ್ಷ್ಮವಾದದ್ದು, ಬದಲಾವಣೆ ತೋರಿಸುವ ಡಿಫ್‌ನಲ್ಲಿ ಕೆಂಪು (ಹಳೆಯ) ಸಾಲೂ ಹಸಿರು (ಹೊಸ) ಸಾಲೂ ಅಕ್ಷರ ಅಕ್ಷರ ಒಂದೇ ಆಗಿ ಕಾಣುವುದು. ‘ಬಾಕ್ಸ್‌ಗೆ’ ಎನ್ನುವಲ್ಲಿ ಸ್ ಮತ್ತು ಗೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ, ಹೆಕ್ಸ್‌ನಲ್ಲಿ ಇ2 80 8ಸಿ. ಒಬ್ಬರ ಕೀಬೋರ್ಡ್ ಅದನ್ನು ಹಾಕುತ್ತದೆ, ಇನ್ನೊಬ್ಬರದು ಹಾಕುವುದಿಲ್ಲ. ಡಿಫ್ ಅನ್ನು ಕಾಣದ ಅಕ್ಷರಗಳನ್ನೂ ತೋರಿಸುವ ‘ಕ್ಯಾಟ್ -ಎ’ಗೆ ಹಾಯಿಸಿದರೆ ಸಿಕ್ಕಿಬೀಳುತ್ತದೆ. ಹಳೇ ‘ನುಡಿ’ ತಂತ್ರಾಂಶದ ಅಕ್ಷರಗಳನ್ನು ಯೂನಿಕೋಡಿಗೆ ತಂದ ಕೆಲಸವನ್ನು ಬೇರೆ ಯಾವ ಬದಲಾವಣೆಯನ್ನೂ ಬೆರೆಸದೆ ಒಂದೇ ಕಮಿಟ್‌ನಲ್ಲಿ ಮಾಡಿದೆ. ಅದರ ಹ್ಯಾಶನ್ನು ಒಂದು ಫೈಲಿನಲ್ಲಿ ಬರೆದು ‘--ಇಗ್ನೋರ್-ರೆವ್ಸ್-ಫೈಲ್’ಗೆ ಕೊಟ್ಟರೆ, ಯಾವ ಸಾಲನ್ನು ಯಾರು ಬದಲಿಸಿದರೆಂದು ಹೇಳುವ ‘ಬ್ಲೇಮ್’ ಅದನ್ನು ದಾಟಿ ಹಿಂದಕ್ಕೆ ನೋಡುತ್ತದೆ.

2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ದಾಟಿದಾಗ ಈ ವ್ಯವಸ್ಥೆಗೆ ನಿಜವಾದ ಪರೀಕ್ಷೆ ಬಂತು. ನಮ್ಮ ದರದ ಕಾಲಂ ಮೂರು ಅಂಕಿಗೆ ಅಳೆದದ್ದು. ನಾಲ್ಕನೆಯದು ಪಕ್ಕದ ಕಾಲಂಗೆ ನುಗ್ಗಿ ಮೊತ್ತ ಓದಲು ಬಾರದಂತಾಯಿತು. ಮಾಸ್ಟರ್‌ನಲ್ಲಿ ಅರ್ಧಂಬರ್ಧ ಕೆಲಸ ಕೂತಿತ್ತು. ಅಂಗಡಿಗಳಲ್ಲಿದ್ದ ಟ್ಯಾಗ್‌ನಿಂದ ‘ಗಿಟ್ ಸ್ವಿಚ್ -ಸಿ’ ಮಾಡಿ ಬೇರೆ ಬ್ರಾಂಚ್ ತೆಗೆದು, ಎರಡು ಸಾಲು ತಿದ್ದಿ, ರಾತ್ರಿ ಒಂಬತ್ತರ ಸುಮಾರಿಗೆ ಏಳು ಕಡೆಗೂ 3 ಕೆಬಿ ಚಿಲ್ಲರೆಯ ಬಂಡಲ್ ಕಳಿಸಿದೆ. ಬೆಳಗಿನ ಹರಾಜಿಗೆ ಏಳೂ ಅಂಗಡಿ ಸರಿಯಾದ ಪಟ್ಟಿ ಹೊಡೆದವು. ಜಿಪ್ ಸಾಕು ಎಂದಿದ್ದವರಲ್ಲಿ ಒಬ್ಬರು ಆ ವಾರವೇ ಫೋನ್ ಮಾಡಿ ಬಂಡಲ್ ಕಟ್ಟುವುದನ್ನು ಕೇಳಿ ತಿಳಿದುಕೊಂಡರು. ಆಮೇಲೆ ಆ ತಿದ್ದುಪಡಿಯ ಬ್ರಾಂಚನ್ನು ಮಾಸ್ಟರ್‌ಗೆ ಮರ್ಜ್ ಮಾಡಿದೆ. ಚೆರಿ-ಪಿಕ್ (ಆ ಕಮಿಟ್‌ನ ನಕಲನ್ನು ಮಾಸ್ಟರ್‌ನಲ್ಲಿ ಹೊಸದಾಗಿ ಹಾಕುವುದು) ಮಾಡಿದ್ದರೆ ಹ್ಯಾಶ್ ಬದಲಾಗಿ, ಮುಂದಿನ ಬಂಡಲ್‌ಗೆ ಎಫ್‌ಎಫ್-ಓನ್ಲಿ ಒಪ್ಪುತ್ತಿರಲಿಲ್ಲ.

ಪಟ್ಟಿಗೂ ದಿನದ ಖಾತೆಗೂ ಒಂದು ರೂಪಾಯಿ ತಾಳೆಯಾಗದ ಬಗ್ ಒಂದಿತ್ತು. ಎರಡು ದಿನ ಕೋಡ್ ಓದಿ ಸಿಗದ್ದು, ಕಮಿಟ್‌ಗಳನ್ನು ಅರ್ಧರ್ಧ ಮಾಡುತ್ತ ತಪ್ಪು ಹುಡುಕುವ ‘ಗಿಟ್ ಬೈಸೆಕ್ಟ್ ರನ್’ಗೆ ಹತ್ತು ಸಾಲಿನ ಪರೀಕ್ಷೆ ಕೊಟ್ಟಾಗ ಸುಮಾರು 200 ಕಮಿಟ್‌ಗಳಲ್ಲಿ ಎಂಟನೇ ಹೆಜ್ಜೆಗೆ ಸಿಕ್ಕಿತು. 40.40ರ ಮೂರು ಲಾಟನ್ನು ಒಂದೊಂದಾಗಿ ಪೂರ್ಣಾಂಕ ಮಾಡಿದರೆ 120, ಕೂಡಿಸಿ ಮಾಡಿದರೆ 121. ಡೇಟಾಬೇಸೇ ಇಲ್ಲದ ಹಳೇ ಕಮಿಟ್ ಬಂದರೆ ಆ ಪರೀಕ್ಷೆಯ ಸ್ಕ್ರಿಪ್ಟ್ 125 ಕೊಟ್ಟು ಹೊರಬರಬೇಕು, ಆಗ ಬೈಸೆಕ್ಟ್ ಅದನ್ನು ದಾಟಿಸುತ್ತದೆ.

ಇನ್ನೊಂದು ಪ್ರಯೋಗ ಇನ್ನೂ ನಡೆಯುತ್ತಿದೆ. ದಿನದ ಮೈಎಸ್‌ಕ್ಯೂಎಲ್ ಡಂಪನ್ನೂ (ಡೇಟಾಬೇಸಿನ ಪೂರ್ತಿ ಪಠ್ಯಪ್ರತಿ) ಬೇರೆ ರೆಪೊದಲ್ಲಿ ಕಮಿಟ್ ಮಾಡುತ್ತಿದ್ದೇನೆ. ಸುಮ್ಮನೆ ಡಂಪ್ ಮಾಡಿದರೆ ಸಾವಿರಾರು ದಾಖಲೆ ಒಂದೇ ಉದ್ದ ಸಾಲಾಗಿ ಬಂದು ಡಿಫ್ ಓದಲಾಗದು. ‘--ಸ್ಕಿಪ್-ಎಕ್ಸ್‌ಟೆಂಡೆಡ್-ಇನ್ಸರ್ಟ್’ ಹಾಕಿದರೆ ಒಂದು ಪಟ್ಟಿಗೆ ಒಂದು ಸಾಲು, ‘--ಸ್ಕಿಪ್-ಡಂಪ್-ಡೇಟ್’ ಹಾಕಿದರೆ ಏನೂ ಬದಲಾಗದ ದಿನ ಡಿಫ್ ಖಾಲಿ. 40 ಎಂಬಿಯ ಡಂಪ್ ಒಂದು ಸೀಸನ್ ಪೂರ್ತಿ ಸೇರಿ, ರೆಪೊವನ್ನು ಒತ್ತಿ ಚಿಕ್ಕದು ಮಾಡುವ ‘ಗಿಟ್ ಜಿಸಿ’ ಆದ ಮೇಲೆ 150 ಎಂಬಿ ಆಸುಪಾಸಿನಲ್ಲಿದೆ. ನಿನ್ನೆ ಹೊಡೆದ ಪಟ್ಟಿಯನ್ನು ಇವತ್ತು ಯಾರಾದರೂ ತಿದ್ದಿದ್ದರೆ, ಬೆಳಿಗ್ಗೆ ಡಿಫ್ ತೆರೆದ ಕೂಡಲೇ ಆ ಒಂದು ಸಾಲು ಕೆಂಪಾಗಿ, ಅದರ ಕೆಳಗೆ ಹಸಿರಾಗಿ ಬಂದಿರುತ್ತದೆ.